ಕಾಡಿಲ್ಲದ ವಾರಗಳು

ಆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಸೋದರಮಾವ ಅತ್ತೆಯ ತೋಳಿಗೆ ಪಟ್ಟಿ ಸುತ್ತಿ ರಬ್ಬರ್ ಬಲ್ಬ್ ಒತ್ತುತ್ತಿದ್ದರು. ಆಸ್ಪತ್ರೆಗಳ ಬಿ.ಪಿ. ಯಂತ್ರಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೇಜಿನ ತುಂಬ ಪಾದರಸದ ಗಾಜಿನ ಕೊಳವೆಗಳು. ಅತ್ತೆ ಆಗಷ್ಟೇ ಊರಂಚಿನ ಕಾಡಿನಿಂದ ಬಂದಿದ್ದರು. ಚಪ್ಪಲಿಗೆ ಒದ್ದೆ ಎಲೆಯೊಂದು ಅಂಟಿತ್ತು.

"ನೂರ ಮೂವತ್ತಾರು," ಎಂದರು ಮಾವ. ಹೊರಡುವ ಮೊದಲು ನೂರೈವತ್ತಿತ್ತು.

"ನಾನು ಹೇಳ್ಲಿಲ್ವಾ? ಅಲ್ಲಿ ಎರಡು ಗಂಟೆ ಕೂತ್ರೆ ತಲೆ ಹಗುರ ಆಗತ್ತೆ. ನೀವೂ ಬನ್ನಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ."

"ಮರ ನೋಡಿದ್ರೆ ಹದಿನಾಲ್ಕು ಇಳಿಯತ್ತಾ? ಮಿಷನ್ ನೋಡ್ಬೇಕು."

"ನನ್ನ ಮಾತು ನಂಬೋಕಿಂತ ಮಿಷನ್ ಬಿಚ್ಚೋದೇ ಸುಲಭ ನಿಮಗೆ."

ಬಿಚ್ಚಿದರು. ಪಾದರಸ ಸೊನ್ನೆಯ ಗೆರೆಯಲ್ಲೇ ಇತ್ತು, ಯಂತ್ರ ಕೆಟ್ಟಿರಲಿಲ್ಲ. ಇನ್ನೊಂದು ಯಂತ್ರವೂ ನೂರ ಮೂವತ್ತಾರನ್ನೇ ತೋರಿಸಿತು. ಆಗ ಮಾವನಿಗೆ ನಿಜವಾದ ಕುತೂಹಲ ಹುಟ್ಟಿತು, ಎಡವಟ್ಟಾದದ್ದೂ ಅಲ್ಲಿಂದಲೇ. ಕಾಡಿನಿಂದಲೇ ಇಳಿಯಿತು ಎನ್ನಬೇಕಾದರೆ ಕಾಡಿಗೆ ಹೋಗದ ದಿನಗಳ ಅಳತೆಯೂ ಬೇಕು: ಅದೇ ಕುರ್ಚಿ, ಅದೇ ಹೊತ್ತು, ಮೊದಲು ಐದು ನಿಮಿಷ ವಿಶ್ರಾಂತಿ. ಕಾಡಿಲ್ಲದ ನಾಲ್ಕು ವಾರ ಮುಗಿದ ಮೇಲೆ ಕಾಡಿನ ನಾಲ್ಕು ವಾರ. ಆ ಎರಡನೇ ಭಾಗಕ್ಕೆ ತಾವೂ ಯಂತ್ರ ಹೊತ್ತುಕೊಂಡು ಜೊತೆಗೆ ಬರುವುದಾಗಿ ಒಪ್ಪಿದರು. ಆ ಆಸೆಗೇ ಅತ್ತೆ ಕಾಡು ಬಿಟ್ಟರು. ಆಗ ಬಿ.ಎಸ್ಸಿ. ಓದುತ್ತಿದ್ದ ನಾನೇ ನೋಟ್‌ಬುಕ್ಕಿಗೆ ಗೆರೆ ಎಳೆದುಕೊಟ್ಟೆ.

ಮೂರನೇ ವಾರ ಅತ್ತೆಗೆ ಜ್ವರ ಬಂತು. ಅಳತೆ ಕೆಟ್ಟಿತೆಂದು ಮಾವ ಮತ್ತೆ ಒಂದನೇ ವಾರದಿಂದ ಶುರುಮಾಡಿದರು. ಆಮೇಲೆ ಡಾಕ್ಟರು ಮಾತ್ರೆ ಬದಲಿಸಿದರು. ಮತ್ತೆ ಒಂದನೇ ವಾರ. ನೆಂಟರು ಬಂದು ನಿದ್ದೆಗೆಟ್ಟಿತು. ಮತ್ತೆ ಒಂದನೇ ವಾರ.

"ನಮಗೆಲ್ಲ ವಯಸ್ಸಾಯ್ತು. ನಿಮ್ಮ ವಾರಕ್ಕೆ ಮಾತ್ರ ಇನ್ನೂ ಒಂದೇ," ಎಂದು ಅತ್ತೆ ಕಿಚಾಯಿಸಿದರು. ಆದರೂ ಹೋಗಲಿಲ್ಲ. ಹೋದರೆ ಮಾವ ಬರುವುದು ಇನ್ನಷ್ಟು ಮುಂದಕ್ಕೆ ಬೀಳುತ್ತಿತ್ತು.

ಐದನೇ ತಿಂಗಳಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಕಾಡು ಬಿಟ್ಟದ್ದರಿಂದಲೇ ಹೀಗಾಯಿತೆಂದು ನಾನು ಬರೆಯಲಾರೆ. ಒಬ್ಬರ ಅಳತೆಯಿಂದ ಅಷ್ಟು ದೊಡ್ಡ ಮಾತು ಹೇಳಲಾಗದು. ಹೇಳಬಹುದಾದ್ದು ಇಷ್ಟೇ: ಎಡಗೈ, ಎಡಗಾಲು ಮತ್ತೆ ಸ್ವಾಧೀನಕ್ಕೆ ಬರಲಿಲ್ಲ. ಕಾಡಿನ ದಾರಿಯಲ್ಲಿ ಅರವತ್ತು ಮೆಟ್ಟಿಲುಗಳಿವೆ. ಗಾಲಿಕುರ್ಚಿ ಹತ್ತುವುದಿಲ್ಲ.

ಈಗ ಭಾನುವಾರ ಮಾವನೇ ಹೋಗುತ್ತಾರೆ. ಅತ್ತೆ ಬಿಡದೆ ಕಳಿಸುತ್ತಾರೆ. ವಾಪಸು ಬಂದವರನ್ನು ಐದು ನಿಮಿಷ ಕೂರಿಸಿ, ಬಲಗೈಯಿಂದ ಬಲ್ಬ್ ಒತ್ತುತ್ತಾರೆ. ಹೋದ ವಾರ ಮಾವನದು ಹನ್ನೆರಡು ಇಳಿದಿತ್ತು.

"ಮಿಷನ್ ಕೆಟ್ಟಿರ್ಬೇಕು, ಬಿಚ್ಚಿ ನೋಡಿ," ಎಂದು ಅತ್ತೆ ನಕ್ಕರು.

ಮಾವ ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ. "ನೀನು ಕೂರ್ತಿದ್ದ ಬಂಡೆ ಸಿಕ್ತು. ಇಬ್ಬರು ಕೂರೋಷ್ಟು ಜಾಗ ಇದೆ," ಎಂದರು.

ನೋಟ್‌ಬುಕ್ ಇನ್ನೂ ಮೇಜಿನ ಡ್ರಾಯರಿನಲ್ಲಿದೆ. ಕಾಡಿಲ್ಲದ ವಾರಗಳ ಪುಟಗಳು ತುಂಬಿವೆ. ಕಾಡಿನ ವಾರಗಳಲ್ಲಿ ನನ್ನ ಗೆರೆಗಳು ಮಾತ್ರ. ಅವತ್ತು ನಾನು ಅವನ್ನು ಎಳೆಯುತ್ತಿದ್ದಾಗ ಅತ್ತೆ, "ಎಷ್ಟು ದಿನ ಬಿಡ್ಬೇಕು?" ಎಂದು ಕೇಳಿದ್ದರು. ಮಾವ ತಲೆಯೆತ್ತದೆ ಹೇಳಿದ್ದರು:

"ನಾಲ್ಕೇ ನಾಲ್ಕು ವಾರ."