ನೀರಿನ ಅಂಚಿನ ಗೂಟ

ನಾಲ್ಕು ವರ್ಷಗಳ ಹಿಂದೆ ಒಂದು ಪ್ರವಾಸಿ ಬಸ್ಸಿನ ಹಿಂದಿನ ಸೀಟುಗಳಲ್ಲಿ ನಮ್ಮ ಐವರ ಪರಿಚಯವಾಯಿತು. ಸಂಡೂರಿನ ಒಬ್ಬ ಶಿಕ್ಷಕಿ, ಹೊಸಪೇಟೆಯಲ್ಲಿರುವ ಅವರ ಅಣ್ಣ, ಕಂಪ್ಲಿಯ ರೈತ, ಅವರ ಹೆಂಡತಿ, ಮತ್ತು ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದ ನಾನು. ಅಂದಿನಿಂದ ವರ್ಷಕ್ಕೊಮ್ಮೆ ಎಲ್ಲಾದರೂ ಹೋಗಿ ಒಂದು ರಾತ್ರಿ ಟೆಂಟ್ ಹಾಕಿ ಬರುತ್ತೇವೆ. ಕಳೆದ ಜನವರಿಯಲ್ಲಿ ಕಂಪ್ಲಿಯಿಂದ ಆಚೆ ತುಂಗಭದ್ರೆಯ ನಡುವಿರುವ ಒಂದು ಗಡ್ಡೆಗೆ ಹೋಗಿದ್ದೆವು. ಅಲ್ಲಿ ರೈತರ ಭಾವನ ಬಾಳೆತೋಟವಿದೆ. ನೀರು ಕಡಿಮೆಯಿದ್ದಾಗ ಬಂಡೆಗಳ ಮೇಲಿನ ದಾರಿಯಲ್ಲಿ ಟ್ರ್ಯಾಕ್ಟರ್ ಹೊಳೆ ಹಾಯುತ್ತದೆ. ಜೀಪೂ ಹಾಯುತ್ತದೆ.

ಜೀಪು ಶಿಕ್ಷಕಿಯದು. ಅವರ ಗಂಡ ಅದರಲ್ಲಿ ಗಣಿಗೆ ಹೋಗಿಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಒಂದು ವರ್ಷ ಅದು ಮನೆಯ ಮುಂದೆ ಕೆಂಪು ಧೂಳು ಹೊದ್ದು ನಿಂತಿತ್ತು. ಶಿಕ್ಷಕಿಯ ಶಾಲೆ ಇರುವುದು ಗುಡ್ಡದ ಆಚೆಯ ಹಳ್ಳಿಯಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಬಸ್ಸು ತಪ್ಪಿದ ದಿನ ಲಾರಿಗಳ ಧೂಳಿನಲ್ಲಿ ನಡಿಗೆ. ಐವತ್ತೊಂದನೆಯ ವಯಸ್ಸಿನಲ್ಲಿ ಅವರು ಜೀಪು ಓಡಿಸಲು ಕಲಿತರು. ಅಣ್ಣನಿಗೆ ಇದು ಒಪ್ಪಿಗೆಯಾಗಲಿಲ್ಲ. ಕೊಳ್ಳುವವರೊಬ್ಬರನ್ನು ಹುಡುಕಿಟ್ಟಿದ್ದರು. ಹೊರಡುವ ಮುನ್ನ ನಮ್ಮೆಲ್ಲರ ಮುಂದೆ ಅವರು ಒಂದು ಪಂದ್ಯ ಕಟ್ಟಿದರು.

"ಸ್ಟೇರಿಂಗ್ ಯಾರ ಕೈಗೂ ಕೊಡದಂಗ ಗಡ್ಡಿಗೆ ಹೋಗಿ, ಸಂಡೂರಿನ ಮನಿತನಕ ವಾಪಸ್ ತಂದ್ಯಂದ್ರ ಜೀಪ್ ನಿನ್ನ ಹತ್ರ ಇರ್ಲಿ. ಇಲ್ಲಂದ್ರ ಮಾರಿಬಿಡಬೇಕು. ಆಮ್ಯಾಲ ಅಳೂದು ಬ್ಯಾಡ."

"ಅಳೋರು ಯಾರಂತ ನೋಡೂಣ, ಜೀಪ್ ಹತ್ತು," ಎಂದರು ತಂಗಿ.

ಕಮಲಾಪುರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಪ್ರತಿ ಟ್ರ್ಯಾಕ್ಟರಿಗೂ ಅಣ್ಣ ಮುಂದಿನ ಸೀಟಿನಲ್ಲಿ ಕಾಲು ಒತ್ತುತ್ತಿದ್ದರು.

"ಅಣ್ಣ, ಬ್ರೇಕ್ ನನ್ನ ಕಡಿ ಐತಿ. ನೀನು ತಗಡು ತೂತು ಮಾಡಬ್ಯಾಡ."

ಮಧ್ಯಾಹ್ನ ಮೂರಕ್ಕೆ ಹೊಳೆ ಹಾಯ್ದೆವು. ನೀರು ಗಾಲಿಯ ಕಾಲು ಭಾಗಕ್ಕೂ ಬರಲಿಲ್ಲ. ಟೆಂಟ್ ಹಾಕುವ ಮೊದಲೇ ರೈತರು ಒಂದು ಜಾಲಿ ಗೂಟ ಕಡಿದು ನೀರಿನ ಅಂಚಿಗೆ ನೆಟ್ಟರು. ಕಾಲುವೆ ನೀರಿನ ಮೇಲೆ ಬದುಕುವ ಜನರ ರೂಢಿ ಅದು: ನೀರು ಗೂಟ ದಾಟಿದರೆ ಏರುತ್ತಿದೆ, ಗೂಟ ಬಿಟ್ಟು ಹಿಂದೆ ಸರಿದರೆ ಇಳಿಯುತ್ತಿದೆ. "ಗೂಟ ನೀರಿನ ಅಂಚಿಗಿರಬೇಕ್ರಿ, ಆಗ ಗೊತ್ತಾಕ್ಕತಿ," ಎಂದಷ್ಟೇ ಹೇಳಿ ಅವರು ಭಾವನ ತೋಟದ ಕಡೆ ಹೋದರು. ಗೂಟ ನೋಡಿ ಬರೆದಿಡುವ ಕೆಲಸ ನನಗೆ ಬಂತು. ಅಂಥ ಕೆಲಸ ನನಗೆ ಅಭ್ಯಾಸವಾದದ್ದೇ. ನಾಲ್ಕು ಗಂಟೆ: ನೀರು ಗೂಟದ ಬಳಿ. ಆರು ಗಂಟೆ: ನೀರು ಗೂಟದ ಬಳಿ. ಮರುದಿನ ಬೆಳಿಗ್ಗೆ ಆರೂವರೆ: ನೀರು ಗೂಟದ ಬಳಿ. ಗಂಟೆ ಹಾಕಿ, ಗೆರೆ ಎಳೆದು, ಅಚ್ಚುಕಟ್ಟಾಗಿ ಬರೆದಿದ್ದೆ.

ಏಳು ಗಂಟೆಗೆ ರೈತರ ಹೆಂಡತಿ ಪಾತ್ರೆ ಹಿಡಿದು ಹೊಳೆಗೆ ಹೋದವರು ಅಲ್ಲಿಂದಲೇ ಕೂಗಿದರು. "ನಿನ್ನಿ ನಾ ಪಾತ್ರಿ ತಿಕ್ಕಿದ ಕಲ್ಲು ಎಲ್ಲೈತ್ರಿ? ಮುಳುಗೇತಿ!"

ನಾನು ನೋಟ್‌ಬುಕ್ ತೋರಿಸಿದೆ. ನೀರು ಏರಿಲ್ಲ ಎಂದೆ.

"ನಿಮ್ಮ ಬುಕ್ಕಿನ್ಯಾಗ ಏರಿಲ್ರಿ. ಹೊಳಿ ಬುಕ್ ಓದಂಗಿಲ್ಲ."

ರೈತರು ಬಂದು ಗೂಟ ನೋಡಿದರು. ಅದು ತಾವು ನೆಟ್ಟ ಜಾಗದಲ್ಲಿಲ್ಲ, ಹತ್ತು ಹೆಜ್ಜೆ ಮೇಲೆ, ಟೆಂಟಿನ ಕಡೆಗಿದೆ ಎಂದರು. ಆಗ ಅಣ್ಣ ಹಲ್ಲುಜ್ಜುವುದನ್ನು ನಿಲ್ಲಿಸಿ, ಯಾವ ಅಳುಕೂ ಇಲ್ಲದೆ ಹೇಳಿದರು: "ನಾನಽ ಸರಿಸಿದ್ದು. ಗೂಟ ಅಂಚಿಗಿರಬೇಕು ಅಂದ್ರಲ್ಲ ನೀವು? ನೀರು ಅದನ್ನ ದಾಟಿತ್ತು. ಕಿತ್ತು ಅಂಚಿಗೆ ಇಟ್ಟೆ. ನಿನ್ನಿ ಸಂಜಿಕೊಮ್ಮೆ, ಇವತ್ತು ಎದ್ದ ಕೂಡ್ಲೆ ಒಮ್ಮೆ."

ಇಡೀ ವೃತ್ತಿಯುದ್ದಕ್ಕೂ ಬ್ಯಾಂಕಿನಲ್ಲಿ ಪ್ರತಿಯೊಂದನ್ನೂ ಅದರ ಜಾಗದಲ್ಲೇ ಇಟ್ಟ ಮನುಷ್ಯ ಅವರು. ಅವರನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ. ನಾನು ಬರೆದದ್ದು ಗೂಟದ ಸುದ್ದಿ, ನೀರಿನ ಸುದ್ದಿಯಲ್ಲ. ಕೊನೆಯ ಎರಡು ಸಾಲುಗಳನ್ನು ಅಳಿಸದೆ, ಪಕ್ಕದಲ್ಲಿ "ಗೂಟ ಸರಿದಿತ್ತು, ಈ ದಾಖಲೆ ತಪ್ಪು" ಎಂದು ಬರೆದೆ.

ರೈತರು ಯಾರಿಗೋ ಫೋನ್ ಮಾಡಿ ವಿಚಾರಿಸಿದರು. ಮೇಲಿನ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಇಳಿಯಬಹುದು ಎಂಬ ಉತ್ತರ ಬಂತು.

ಅಣ್ಣನಿಗೆ ಕಾಯುವ ಮನಸ್ಸಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಅವರ ಮನೆಗೆ ಬೀಗರು ಬರುವವರಿದ್ದರು. "ಚಾವಿ ಕೊಡು ಬೇ. ಮೊಣಕಾಲ್ ಮಟ್ಟ ನೀರು. ಎರಡು ನಿಮಿಷಕ್ಕ ದಾಟಿಸ್ತೀನಿ."

"ಕೊಡಂಗಿಲ್ಲ."

"ಹಂಗಾದ್ರ ನೀನಽ ದಾಟಿಸು ನೋಡೂಣ!"

ಶಿಕ್ಷಕಿ ನೀರಿನ ಅಂಚಿಗೆ ಹೋದರು. ಗೂಟ ಕಿತ್ತು ಜೀಪಿನ ಗಾಲಿಯ ಪಕ್ಕ ನಿಲ್ಲಿಸಿ, ಗಾಲಿಯ ನಡುಮಧ್ಯದ ಎತ್ತರಕ್ಕೆ ಚಾಕುವಿನಿಂದ ಒಂದು ಗುರುತು ಕೊರೆದರು. ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ರೈತರು ಹಗ್ಗ ಹಿಡಿದು ಜೊತೆಗೆ ಹೋದರು. ದಾರಿಯ ಅತಿ ಆಳದ ಜಾಗದಲ್ಲಿ ಶಿಕ್ಷಕಿ ಗೂಟ ನಿಲ್ಲಿಸಿದಾಗ ನೀರು ಗುರುತಿನಿಂದ ನಾಲ್ಕು ಬೆರಳು ಮೇಲಿತ್ತು. ತಿರುಗಿ ಬಂದು ಬಾನೆಟ್ ಮೇಲೆ ಒದ್ದೆ ಕೈ ಇಟ್ಟರು.

"ಗುರುತು ಕಾಣೂತನಕ ಜೀಪ್ ಅಲುಗಂಗಿಲ್ಲ. ಕಂಡ ಮ್ಯಾಲ ನಾನಽ ಓಡಸ್ತೀನಿ."

"ಕಾಯ್ಕೊಂತ ಕುಂದ್ರೂದು ಡ್ರೈವಿಂಗ್ ಅಲ್ಲ," ಎಂದರು ಅಣ್ಣ.

"ಅಣ್ಣಾರ, ಗೂಟ ಕಿತ್ತೋರು ಮಾತಾಡಬಾರ್ದ್ರಿ," ಎಂದರು ರೈತರ ಹೆಂಡತಿ. "ಬರ್ರಿ, ಮಂಡಕ್ಕಿ ಒಗ್ಗರಣಿ ಆಗೇತಿ, ಕುಂದ್ರಿ."

ಕೂತೆವು. ಅಣ್ಣ ಮನೆಗೆ ಫೋನ್ ಮಾಡಿ ಬೀಗರಿಗೆ ಏನೋ ಸಮಜಾಯಿಷಿ ಹೇಳಿದರು. ಆಮೇಲೆ ಎರಡು ಸಲ ಚಾವಿ ಕೇಳಿದರು. ಎರಡು ಸಲವೂ ಶಿಕ್ಷಕಿ ಸೊಂಟಕ್ಕೆ ಸಿಕ್ಕಿಸಿದ್ದ ಚಾವಿಯ ಮೇಲೆ ಕೈ ಇಟ್ಟರು. ಗಂಟೆಗೊಮ್ಮೆ ತಾವೇ ನೀರಿಗಿಳಿದು ಗೂಟ ನಿಲ್ಲಿಸಿ ನೋಡಿ ಬಂದರು. ನಾನು ಈ ಸಲ ಅವರ ಹಿಂದೆಯೇ ನೀರಿಗಿಳಿದು, ನೋಡಿದ್ದನ್ನಷ್ಟೇ ಬರೆದೆ. ಹನ್ನೆರಡಕ್ಕೆ ಮೂರು ಬೆರಳು. ಎರಡಕ್ಕೆ ಒಂದು. ಮೂರೂಮುಕ್ಕಾಲಿಗೆ ಗುರುತು ನೀರಿನಿಂದ ಮೇಲೆ ಬಂದಿತ್ತು. ಅವರು ಇನ್ನೂ ಅರ್ಧ ಗಂಟೆ ಕಾದರು.

ರೈತರು ಮುಂದೆ ನಡೆದು ದಾರಿ ತೋರಿಸಿದರು. ಶಿಕ್ಷಕಿ ಫಸ್ಟ್ ಗೇರಿನಲ್ಲಿ, ಎಲ್ಲೂ ನಿಲ್ಲಿಸದೆ, ಅವಸರ ಮಾಡದೆ ಹೊರಟರು. ಹೊಳೆಯ ನಡುವೆ ಹಿಂದಿನ ಗಾಲಿ ಒಂದು ಬಂಡೆಯಿಂದ ಜಾರಿ ಜೀಪು ವಾಲಿತು. ಅಣ್ಣನ ಕೈ ಸ್ಟೇರಿಂಗ್ ಕಡೆ ಹೋಯಿತು. ಹಿಂದಿನ ಸೀಟಿನಿಂದ ನಾನು ನೋಡಿದೆ: ಕೈ ಅರ್ಧ ದಾರಿಯಲ್ಲಿ ನಿಂತಿತು, ಹಿಂದಕ್ಕೆ ಬಂದು ಅವರದೇ ತೊಡೆಯ ಮೇಲೆ ಕೂತಿತು. ಜೀಪು ನೆಟ್ಟಗಾಗಿ ದಂಡೆ ಹತ್ತಿತು.

ರೈತ ದಂಪತಿಯನ್ನು ಕಂಪ್ಲಿಯಲ್ಲಿ ಇಳಿಸಿ ಹೊರಟೆವು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಮತ್ತೆ ಸಿಕ್ಕವು. ಅಣ್ಣ ಕಾಲು ಒತ್ತಲಿಲ್ಲ. ಮಲಪನಗುಡಿಯಲ್ಲಿ ಚಹಾ ಕುಡಿದೆವು.

ಹೊಸಪೇಟೆಯಲ್ಲಿ ಅಣ್ಣ ತಮ್ಮ ಮನೆಯ ಮುಂದೆ ಚೀಲ ತೆಗೆದುಕೊಂಡು ಇಳಿದರು.

"ಯಾಕ, ಸಂಡೂರಿನ ಮನಿತನಕ ಬಂದು ನೋಡಬೇಕಲ್ಲ?" ಎಂದರು ತಂಗಿ.

"ನೋಡಿದ್ದು ಸಾಕು," ಎಂದರು ಅಣ್ಣ. ಎರಡು ಹೆಜ್ಜೆ ಹೋಗಿ ತಿರುಗಿದರು. "ಘಾಟಿನ್ಯಾಗ ಲಾರಿ ಭಾಳ ಇರ್ತಾವ. ಲೈಟ್ ಈಗಽ ಹಾಕ್ಕೋ."

ಶಿಕ್ಷಕಿ ಲೈಟ್ ಹಾಕಿದರು.