ಅಳಿಯನ ಮುಂದೆ ಕೂರದ ಗದ್ದೆಮ್ಮ

ನಮ್ಮತ್ತೆ ಗದ್ದೆಮ್ಮ ದೇವದುರ್ಗದವರು. ಗಾರೆ ಬುಟ್ಟಿ ಹೊತ್ತು, ಹತ್ತಿ ಬಿಡಿಸಿ, ಎರಡು ಖೋಲಿಯ ಮನೆ ಕಟ್ಟಿಕೊಂಡವರು. ಅವರ ಮಗಳು ಮಲ್ಲಿಕಾಳನ್ನು ನಾನು ಮದುವೆಯಾಗಿ ಹದಿನೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವರು ನನ್ನೆದುರು ಕೂತದ್ದನ್ನು ಕಂಡಿಲ್ಲ. ನಾನು ಬಂದರೆ ಎದ್ದು, ಸೆರಗು ಹೊದ್ದು, ಗೋಡೆಗೆ ಸರಿಯುತ್ತಾರೆ. ಮಾತೂ ನೇರ ಇಲ್ಲ. ಬೇರೆ ಯಾರೂ ಇಲ್ಲದಿದ್ದರೆ ಅಂಗಳದ ಆಕಳಿಗೇ ಹೇಳುತ್ತಾರೆ: "ಅಳಿಯಂದಿರು ಉಂಡು ಹೋಗಬೇಕಂತ."

ಹೋದ ವರ್ಷ ನ್ಯುಮೋನಿಯಾ ಆಗಿ ರಾಯಚೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಹತ್ತೊಂಬತ್ತು ದಿನ ಉಸಿರಿನ ಮಷೀನಿನ ಮೇಲಿದ್ದರು. ಜೀವ ಉಳಿಯಿತು, ಕಾಲು ಸೋತವು. ವಾರ್ಡಿಗೆ ತಂದ ಮೇಲೆ ಫಿಸಿಯೋಥೆರಪಿಯ ಸಂಘಮಿತ್ರಾ ಮೇಡಂ ದಿನಾ ಕುರ್ಚಿಯಲ್ಲಿ ಕೂರಿಸಿ, "ಯವ್ವಾ, ಕೈ ಊರದೆ ಏಳು" ಎನ್ನುವರು. ಅತ್ತೆ ಏಳಲೊಲ್ಲರು. ಎದ್ದ ಲೆಕ್ಕ ಬರೆಯುವ ಚೀಟಿಯಲ್ಲಿ ದಿನಾ ಸೊನ್ನೆ.

"ಕಾಲಾಗ ಈಗ ಬಲ ಅದ, ಧೈರ್ಯ ಇಲ್ಲ" ಎಂದರಂತೆ ಮೇಡಂ ಮಲ್ಲಿಕಾಳಿಗೆ.

ಬಿಡುಗಡೆಗೆ ಮುಂಚೆ ಡಾಕ್ಟರ ಪರೀಕ್ಷೆಯಲ್ಲಿ ಐದು ಸಲ ತಾವಾಗಿ ಎದ್ದರೆ ಅತ್ತೆ ತಮ್ಮ ಮನೆಗೆ ಹೋಗಬಹುದು. ಇಲ್ಲದಿದ್ದರೆ ಮಾನ್ವಿಗೆ, ನಮ್ಮ ಮನೆಗೆ. ಅಳಿಯನ ಮನೆಯಲ್ಲಿ ಕೂತು ಉಣ್ಣುವುದೆಂದರೆ ಅವರಿಗೆ ಸಾವಿಗಿಂತ ಕಡೆ.

ಒಂದು ದಿನ ನಾನು ಹಿಟ್ಟಿನ ಗಿರಣಿ ಮುಚ್ಚಿ ನೋಡಲು ಬಂದೆ. ಗೇಟಿನಲ್ಲಿ ವಾಚ್‌ಮನ್ ತಡೆದ. ಅವನಿಗೆ ಬೈದು, ಅದೇ ಸಿಟ್ಟಿನಲ್ಲಿ ಒಳಗೆ ನುಗ್ಗಿದೆ. ಕುರ್ಚಿಯಲ್ಲಿದ್ದ ಅತ್ತೆ ಎದ್ದು ಸೆರಗು ಎಳೆದುಕೊಂಡರು!

ಮೇಡಂ ಕಣ್ಣರಳಿಸಿದರು. "ಅಣ್ಣಾರ, ಹೊರಗ ಹೋಗಿ ಮತ್ತ ಬರ್ರಿ."

"ಯಾಕ್ರಿ? ಚಪ್ಪಲಿ ಬಿಡಲಿಲ್ಲಂತಾ?"

"ಹೋಗಿ ಬರ್ರಿ ಅಂದ್ನಲ್ಲ!"

ಹೋದೆ, ಅತ್ತೆ ಕೂತರು. ಬಂದೆ, ಎದ್ದರು. ಅಂದಿನಿಂದ ನಾನೇ ಔಷಧ. ಒಂಬತ್ತು ದಿನ, ದಿನಕ್ಕೆ ಎರಡು ಹೊತ್ತು, ಗಂಡಸಿನಂಥ ಗಂಡಸು ನಾನು ಪರದೆ ಸರಿಸಿ ಒಳಗೆ ಹೊರಗೆ ಓಡಾಡಿದೆ. ಪಕ್ಕದ ಮಂಚದ ಅಮೀರ್ ಬೀ, "ಏಳು ಗದ್ದೆಮ್ಮಾ, ನಿನ್ನ ಅಳಿಯ ಊರಿಂದ ಮತ್ತ ಬಂದ" ಎಂದು ನಗುವಳು. ನನ್ನ ತಲೆ ಕಾದ ಹಂಚಾಗಿತ್ತು. ಅತ್ತೆಯ ಕಾಲು ಮಾತ್ರ ಗಟ್ಟಿಯಾಗುತ್ತಾ ಬಂದವು.

ಪರೀಕ್ಷೆಯ ದಿನ ದೊಡ್ಡ ಡಾಕ್ಟರ್ ಬಂದರು. "ಅಳಿಯ ಒಳಗ ಬರಂಗಿಲ್ಲ. ದೇವದುರ್ಗದಾಗ ದಿನಾ ಎಬ್ಬಿಸಾಕ ಇವರು ಇರ್ತಾರೇನು?" ಎಂದು ನನ್ನನ್ನು ಪರದೆಯ ಆಚೆ ನಿಲ್ಲಿಸಿದರು.

"ಏಳು ಯವ್ವಾ" ಎಂದರು ಮೇಡಂ.

"ಯಾರು ಬಂದಾರಂತ ಏಳ್ಲಿ?" ಎಂದರು ಅತ್ತೆ.

ನನ್ನ ಪಿತ್ತ ನೆತ್ತಿಗೇರಿತು. ಹೊರಗಿನಿಂದಲೇ ಕೂಗಿದೆ: "ಆತು ಬಿಡ್ರಿ! ಜೀಪ್ ತಂದೀನಿ, ಮಾನ್ವಿಗೆ ಹೋಗೂಣು. ಪಡಸಾಲ್ಯಾಗ ಮಂಚ ಹಾಕ್ಸೀನಿ. ಇರೂತನಕ ನಮ್ಮನ್ಯಾಗ ಇರ್ರಿ, ನಾನೇ ತುತ್ತು ಮಾಡಿ ತಿನಿಸ್ತೀನಿ!"

ಒಳಗೆ ಕುರ್ಚಿ ಕಿರುಗುಟ್ಟಿತು.

"ಒಂದು" ಎಂದರು ಮೇಡಂ. "ಎರಡು." ಐದಕ್ಕೂ ನಿಲ್ಲಲಿಲ್ಲ. ಏಳಕ್ಕೆ ಡಾಕ್ಟರೇ, "ಸಾಕವ್ವಾ, ಸಾಕು" ಎಂದರು.

ಅತ್ತೆ ಏದುಸಿರು ಬಿಡುತ್ತಾ, ನನಗೆ ಕೇಳುವಷ್ಟು ಗಟ್ಟಿಯಾಗಿ, ಪಕ್ಕದಲ್ಲಿದ್ದ ಮಲ್ಲಿಕಾಳಿಗೆ ಹೇಳಿದರು: "ಜೀಪ್ ದೇವದುರ್ಗದ ಕಡೆ ತಿರುಗಿಸಬೇಕಂತ ಹೇಳವ್ವಾ."

ತಿರುಗಿಸಿದೆ. ಅವರು ಹಿಂದೆ, ನನಗೆ ಬೆನ್ನು ಮಾಡಿ ಕೂತರು. ದಾರಿಯುದ್ದಕ್ಕೂ ನಾನು ಮಲ್ಲಿಕಾಳನ್ನು ಕೇಳಿದ್ದು ಒಂದೇ: "ಅಲ್ಲಲೇ, ನಮ್ಮ ಮನಿ ಅಷ್ಟು ಕೆಟ್ಟದ್ದೇನು?"