ಪಕ್ಕದ ಮನೆಯಲ್ಲಿ ಜಿರಲೆ ಹುಡುಕಿದೆ

ನಾನು ಪಕ್ಕದ ಮನೆಯ ಪದ್ಮಾ ವೈನಿಯವರ ಅಡುಗೆಮನೆಯ ಕಪಾಟನ್ನು ಕದ್ದು ತೆರೆದು ನೋಡುತ್ತಿದ್ದಾಗ ಅವರೇ ಬಂದು ಹಿಂದೆ ನಿಂತರು.

“ಏನ್ ಹುಡಕಾಕತ್ತೀರಿ, ಅಕ್ಕಾರ?”

“ಒಂದರ ಜಿರಳಿ ಐತೇನಂತ ನೋಡಾಕತ್ತಿದ್ನಿರಿ.” ಗಾಬರಿಯಲ್ಲಿ ನಿಜವೇ ಬಾಯಿಗೆ ಬಂತು.

ನಿಪ್ಪಾಣಿಯಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಮನೆ; ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವಷ್ಟು ಸಲುಗೆ. ವರ್ಷವಿಡೀ ಔಷಧ ಹೊಡೆದರೂ ನನ್ನ ಮನೆಯಲ್ಲಿ ಜಿರಲೆಗಳ ಕಾಟ ತಪ್ಪಿರಲಿಲ್ಲ. ಜೈನರಾದ ಅವರು ಇರುವೆಯನ್ನೂ ಕೊಲ್ಲುವವರಲ್ಲ. ಆದರೂ ಅವರ ಮನೆಯಲ್ಲಿ ಒಂದೂ ಕಾಣುತ್ತಿರಲಿಲ್ಲ. ಅದೇ ನನಗೆ ಹೊಟ್ಟೆಕಿಚ್ಚು.

ಅವರು ಸಿಟ್ಟಾಗಲಿಲ್ಲ. ಮರುದಿನ ಸೆರಗು ಸಿಕ್ಕಿಸಿಕೊಂಡು ಬಂದು, ನನ್ನ ಅಡುಗೆಮನೆ ಗೋಡೆಯ ಬಿರುಕುಗಳಿಗೆ ತಾವೇ ಸಿಮೆಂಟ್ ಮೆತ್ತಿದರು. “ಮುಸುರಿ ಹಂಗ ಇಡಬ್ಯಾಡ್ರಿ. ತಿನ್ನಾಕ ಸಿಗದಿದ್ರ ಅವು ತಾವ ಹೋಗ್ತಾವ,” ಎಂದರು.

ತಿಂಗಳೊಳಗೆ ಜಿರಲೆಗಳು ಹೋದವು. “ವೈನಿ ಭಾಳ ಶಾಣ್ಯಾ ಅದಾರ,” ಎಂದು ನನ್ನ ಗಂಡ ಹೊಗಳಿದರು. ವೈನಿಯ ಉಪಕಾರ ನಾನು ಮರೆತಿಲ್ಲ. ಆದರೂ ಆ ಮಾತಿಗೆ ನನ್ನ ಹೊಟ್ಟೆ ಮತ್ತೆ ಉರಿದದ್ದು ಸುಳ್ಳಲ್ಲ.